ಬಾಯಾರಿದರೆ ಏನು ಕುಡಿಯುತ್ತೀರಿ? ನಮ್ಮ ಬಳಗದ ಭಾನುವಾರದ ಡಾಕ್ಟರ್ ಪ್ರಶ್ನೋತ್ತರ

ಅಡ್ಮಿನ್ (ಸಂಜೆ 6:00): ಎಲ್ಲರಿಗೂ ನಮಸ್ಕಾರ. ಇವತ್ತು 8 ಗಂಟೆಯವರೆಗೆ ನಮ್ಮ ಡಾಕ್ಟರ್ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಅವರ ಕ್ಲಿನಿಕ್, ಎಂ.ಡಿ. ಮೆಡಿಸಿನ್. ವಿಷಯ: ದಿನಾ ಕುಡಿಯುವ ಚಹಾ, ಕಾಫಿ, ಜ್ಯೂಸ್, ಎಳನೀರು, ಮತ್ತೆ "ಅದು". ಇವುಗಳಿಂದ ಶುಗರ್, ಕೊಬ್ಬು, ತೂಕಕ್ಕೆ ಏನಾಗುತ್ತದೆ? ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ದಯವಿಟ್ಟು ಬೇಡ.

ಕುಲಕರ್ಣಿ, ಡೊಂಬಿವಲಿ: ಡಾಕ್ಟರೇ, ನನಗೆ 67. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್) 6.2 ಬಂದಿದೆ. ಸಕ್ಕರೆ ಪೂರ್ತಿ ಬಿಟ್ಟೆ. ಚಹಾಕ್ಕೆ ಕೊಲ್ಹಾಪುರದ ಬೆಲ್ಲ ಹಾಕಿಕೊಳ್ಳುತ್ತೇನೆ. ಸರಿ ತಾನೇ?

ಡಾಕ್ಟರ್: ನಮಸ್ಕಾರ ಕುಲಕರ್ಣಿಯವರೇ. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್. 6.5 ಆದರೆ ಡಯಾಬಿಟಿಸ್. ನೀವು ನಡುವೆ ಇದ್ದೀರಿ, ಹಿಂದೆ ಬರಲು ಇನ್ನೂ ದಾರಿ ಇದೆ. ಆದರೆ ಬೆಲ್ಲದ ದಾರಿ ಅಲ್ಲ. 100 ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲರಿ, ಬೆಲ್ಲದಲ್ಲಿ 380ರ ಆಸುಪಾಸು. ರಕ್ತಕ್ಕೆ ಇಳಿದ ಮೇಲೆ ಎರಡೂ ಒಂದೇ. ದಿನಕ್ಕೆ ಎಷ್ಟು ಕಪ್ ಕುಡಿಯುತ್ತೀರಿ?

ಕುಲಕರ್ಣಿ, ಡೊಂಬಿವಲಿ: ಮೂರೇ. ವಾಕಿಂಗ್ ಆದ ಮೇಲೆ ಗೆಳೆಯರ ಜೊತೆ ಎರಡು ಕಟಿಂಗ್ ಚಹಾ. ಅದು ಲೆಕ್ಕಕ್ಕಿಲ್ಲ.

ಡಾಕ್ಟರ್: ನನ್ನ ಲೆಕ್ಕಕ್ಕಿದೆ. ಅಂಗಡಿಯ ಕಟಿಂಗ್ ಅರ್ಧ ಗ್ಲಾಸ್ ಇದ್ದರೂ ಸಕ್ಕರೆ ಅರ್ಧ ಇರುವುದಿಲ್ಲ. ಕಪ್ಪಿಗೆ ಒಂದೂವರೆ ಚಮಚ ಅಂದುಕೊಳ್ಳಿ, ಚಮಚಕ್ಕೆ 4 ಗ್ರಾಂ. ಐದು ಕಪ್ಪಿಗೆ 30 ಗ್ರಾಂ ಆಯಿತು. ಬೆರೆಸಿದ ಸಕ್ಕರೆ ದಿನದ ಕ್ಯಾಲರಿಯಲ್ಲಿ 10%ಗಿಂತ ಕಡಿಮೆ ಇರಲಿ, 5%ಗೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. 5% ಅಂದರೆ ಸುಮಾರು 25 ಗ್ರಾಂ. ನೀವು ಇನ್ನೂ ತಿಂಡಿಯನ್ನೇ ತಿಂದಿಲ್ಲ, ಅದನ್ನು ದಾಟಿಬಿಟ್ಟಿರಿ. ಬೆಲ್ಲ, ಜೇನುತುಪ್ಪ, ಹಣ್ಣಿನ ರಸದ ಸಕ್ಕರೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಕಪ್ ಎರಡು ಕಡಿಮೆ ಮಾಡಿ, ಉಳಿದದ್ದರಲ್ಲಿ ವಾರಕ್ಕೆ ಕಾಲು ಚಮಚದಂತೆ ಇಳಿಸಿ. ಎರಡು ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ. ಮೂರು ತಿಂಗಳಿಗೆ ಮತ್ತೆ ಟೆಸ್ಟ್.

ಶೆಟ್ರು, ಘಾಟ್ಕೋಪರ್: ಡಾಕ್ಟ್ರೇ, ನೀವು ಹೀಗೆ ಹೇಳಿದರೆ ಹೋಟೆಲಿನವರು ಏನು ಮಾಡುವುದು ಮಾರಾಯ್ರೇ? ಸಕ್ಕರೆ ಕಡಿಮೆ ಹಾಕಿದರೆ ಗಿರಾಕಿಯೇ ಗ್ಲಾಸ್ ವಾಪಸ್ ಕಳಿಸುತ್ತಾನೆ. ಪಾತ್ರೆಯಲ್ಲೇ ಸಕ್ಕರೆ ಹಾಕಿ ಕುದಿಸುತ್ತೇವೆ, ಒಬ್ಬೊಬ್ಬರಿಗೆ ಬೇರೆ ಮಾಡಲು ಆಗುವುದಿಲ್ಲ.

ಕುಲಕರ್ಣಿ, ಡೊಂಬಿವಲಿ: ಶೆಟ್ರೇ, ಮುಂಬಯಿಯ ಅರ್ಧ ಜನಕ್ಕೆ ಶುಗರ್ ಕಾಯಿಲೆ ತಂದವರು ನೀವೇ ಬಿಡಿ.

ಶೆಟ್ರು, ಘಾಟ್ಕೋಪರ್: ಕುಡಿಯಲು ನಾವು ಯಾರನ್ನೂ ಎಳೆದುಕೊಂಡು ಬರುವುದಿಲ್ಲ. ಬೆಳಿಗ್ಗೆ 5ಕ್ಕೆ ಶಟರ್ ತೆಗೆಯುವ ಮೊದಲೇ ನಿಮ್ಮಂಥವರು ನಿಂತಿರುತ್ತೀರಿ.

ವೀಣಾ, ಗೋರೆಗಾಂವ್: ಮಗಳಿಗೆ 20 ವರ್ಷ. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆ, ತೂಕ 74 ಕೆಜಿ, ಹಿಮೋಗ್ಲೋಬಿನ್ 9.8. ಕಾಲೇಜಿನಲ್ಲಿ ದಿನಾ ಕೋಲ್ಡ್ ಕಾಫಿ ಕುಡಿಯುತ್ತಾಳೆ. ಊಟದ ಜೊತೆ ಚಹಾ ಬೇಕೇ ಬೇಕು. ಬೈದರೆ ಕೇಳುವುದಿಲ್ಲ.

ಡಾಕ್ಟರ್: ಬೈಯಬೇಡಿ ವೀಣಾ. ಪಿಸಿಓಎಸ್‌ನಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಸಿಹಿ ಪಾನೀಯದ ಪೆಟ್ಟು ಅವಳಿಗೆ ಜಾಸ್ತಿ. ಕಾಫಿ ತಪ್ಪಲ್ಲ. ಅದರೊಳಗಿನ ಐಸ್‌ಕ್ರೀಮ್, ಸಿರಪ್ ತಪ್ಪು. ಸಕ್ಕರೆ ಇಲ್ಲದ ಕಾಫಿ ಕುಡಿದರೆ ಕುಡಿಯಲಿ. ಚಹಾ ಊಟದ ಜೊತೆ ಬೇಡ. ಅದರ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದುಕೊಳ್ಳುತ್ತದೆ, ದೇಹಕ್ಕೆ ಸಿಗಲು ಬಿಡುವುದಿಲ್ಲ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ ಕಾಫಿ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಿಮೋಗ್ಲೋಬಿನ್ 9.8 ಕಡಿಮೆ, ಕಾರಣ ಹುಡುಕಬೇಕು, ಮಾತ್ರೆಯೂ ಬೇಕಾಗಬಹುದು. ಮುಟ್ಟು ಹೇಗಿದೆ ಎಂದು ಇಲ್ಲಿ ಬರೆಯಬೇಡಿ, ಅವಳನ್ನು ಯಾರಾದರೂ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಸರೋಜಕ್ಕ, ಮೀರಾ ರೋಡ್: 🙏 *ಫಾರ್ವರ್ಡ್ ಮಾಡಲಾಗಿದೆ:* ದಿನಾ ಖಾಲಿ ಹೊಟ್ಟೆಗೆ ಸೋರೆಕಾಯಿ + ಹಾಗಲಕಾಯಿ + ನೆಲ್ಲಿಕಾಯಿ ಜ್ಯೂಸ್. 21 ದಿನದಲ್ಲಿ ಶುಗರ್ ಮಾತ್ರೆ ಡಸ್ಟ್‌ಬಿನ್‌ಗೆ!! ಡಾಕ್ಟರ್‌ಗಳು ಇದನ್ನು ಹೇಳುವುದಿಲ್ಲ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಈ ಡಾಕ್ಟರ್ ಹೇಳುತ್ತಾಳೆ, ಕೇಳಿ. ಸೋರೆಕಾಯಿ ಕಹಿ ಇದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ಕುಡಿದ ಸ್ವಲ್ಪ ಹೊತ್ತಿಗೇ ವಾಂತಿ, ಭೇದಿ, ಕೆಲವರಿಗೆ ರಕ್ತವಾಂತಿ. ಬಿಪಿ ಬಿದ್ದು ಸತ್ತವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮಿತಿ ಮಾಡಿ ಎಚ್ಚರಿಕೆ ಕೊಟ್ಟ ವಿಷಯ ಇದು. ಪಲ್ಯ ಮಾಡುವಾಗ ಕಹಿ ಬಂದರೆ ನೀವೇ ಬಿಸಾಡುತ್ತೀರಿ. ಜ್ಯೂಸಿನಲ್ಲಿ ಹಾಗಲಕಾಯಿ ಸೇರಿಸಿದರೆ ಯಾವುದರ ಕಹಿ ಅಂತ ಹೇಗೆ ಗೊತ್ತಾಗುತ್ತದೆ? ಈ ರೆಸಿಪಿ ಬರೆದವನಿಗೆ ಅಷ್ಟೂ ಹೊಳೆದಿಲ್ಲ. ಮತ್ತೆ ಮಾತ್ರೆ ಡಸ್ಟ್‌ಬಿನ್‌ಗೆ ಹಾಕಿದವರು 21ನೇ ದಿನ ಎಲ್ಲಿರುತ್ತಾರೆ ಎಂದು ನಾನು ನೋಡಿದ್ದೇನೆ.

ಸರೋಜಕ್ಕ, ಮೀರಾ ರೋಡ್: ಸಾರಿ ಡಾಕ್ಟ್ರೇ. ಎಲ್ಲರಿಗೂ ಒಳ್ಳೆಯದಾಗಲಿ ಅಂತ ಹಾಕಿದೆ.

ಗಿರೀಶ, ಮುಲುಂಡ್: ನಾನು ಡಯೆಟ್ ಕೋಲಾ ಕುಡಿಯುತ್ತೇನೆ, ದಿನಕ್ಕೆ ಎರಡು ಕ್ಯಾನ್. ಸಕ್ಕರೆ ಸೊನ್ನೆ. ತೊಂದರೆ ಇಲ್ಲ ಅಲ್ವಾ?

ಡಾಕ್ಟರ್: ಮಾಮೂಲಿ ಕೋಲಾದ 300 ಎಂಎಲ್‌ನಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ. ಅದಕ್ಕಿಂತ ಇದು ಮೇಲು. ಆದರೆ ಇದನ್ನು ಕುಡಿದು ತೂಕ ಇಳಿಯುತ್ತದೆ ಎಂದು ನಂಬಬೇಡಿ. ತೂಕ ಇಳಿಸಲು ಸಕ್ಕರೆಯ ಬದಲು ಹಾಕುವ ಇಂಥ ಸಿಹಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಈಗಾಗಲೇ ಡಯಾಬಿಟಿಸ್ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ. ನಿಮಗೆ ಬೇಕಾಗಿರುವುದು ಗುಳ್ಳೆಯಾದರೆ ಸೋಡಾಕ್ಕೆ ನಿಂಬೆ ಹಿಂಡಿಕೊಳ್ಳಿ.

ಶಶಿಕಲಾ, ಡೊಂಬಿವಲಿ: ಡಾಕ್ಟ್ರೇ, ನಮ್ಮ ಭಾವನವರ ಬಗ್ಗೆ ಕೇಳಬೇಕಿತ್ತು. 52 ವರ್ಷ, ವಾಶಿ ಮಾರ್ಕೆಟ್‌ನಲ್ಲಿ ಕೆಲಸ. ಈ ಬೇಸಿಗೆಯಲ್ಲಿ ಮೂರು ವಾರದಿಂದ ತುಂಬಾ ಬಾಯಾರಿಕೆ. ರಸವಂತಿಯಲ್ಲಿ ಕಬ್ಬಿನ ಹಾಲು ದಿನಕ್ಕೆ ಎರಡು ಮೂರು ಗ್ಲಾಸ್, ಮನೆಗೆ ಬಂದರೆ ದೊಡ್ಡ ಬಾಟಲಿ ಕೋಲಾ, ರಾತ್ರಿ ಗ್ಲೂಕೋಸ್ ಪುಡಿ ಹಾಕಿದ ನೀರು. ಒಳ್ಳೆಯದೇನೆಂದರೆ ಆರು ಕೆಜಿ ಇಳಿದಿದ್ದಾರೆ. ಪ್ಯಾಂಟ್ ಜಾರುತ್ತಿದೆ ಅಂತ ಅಕ್ಕ ನಗುತ್ತಿದ್ದಳು. ಸೆಕೆಗೆ ಯಾವುದು ಕುಡಿದರೆ ತಂಪು? ಎಳನೀರು ಶುರು ಮಾಡಲೇ?

ಡಾಕ್ಟರ್: ಶಶಿಕಲಾ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ? ಮೊದಲು ಯಾವಾಗಲಾದರೂ ಶುಗರ್ ನೋಡಿಸಿದ್ದಾರಾ? ಈಗ, ಈ ಹೊತ್ತಿನಲ್ಲಿ ಹೇಗಿದ್ದಾರೆ?

ಶಶಿಕಲಾ, ಡೊಂಬಿವಲಿ: ಐದು ಸಲ ಏಳುತ್ತಾರಂತೆ. ಅಷ್ಟು ಕುಡಿದರೆ ಏಳಲೇಬೇಕಲ್ಲ ಅಂದುಕೊಂಡೆವು. ಎರಡು ವರ್ಷದ ಹಿಂದೆ 6.3 ಇತ್ತು. ಆಮೇಲೆ ಟೆಸ್ಟ್ ಮಾಡಿಸಲಿಲ್ಲ. ಹಾಗಲಕಾಯಿ ಜ್ಯೂಸ್ ಕುಡಿಯುತ್ತಿದ್ದರು. ಈಗ ಮಲಗಿದ್ದಾರೆ, ಮಧ್ಯಾಹ್ನದಿಂದ ಮಲಗೇ ಇದ್ದಾರೆ. ಮೊಬೈಲ್ ಮಸುಕು ಕಾಣುತ್ತದೆ ಅಂತಿದ್ದರು.

ಡಾಕ್ಟರ್: ಉಳಿದವರು ಸ್ವಲ್ಪ ಸುಮ್ಮನಿರಿ.

ಶಶಿಕಲಾ, ಇದು ಸೆಕೆ ಅಲ್ಲ. ರಕ್ತದಲ್ಲಿ ಸಕ್ಕರೆ 180 ದಾಟಿದರೆ ಕಿಡ್ನಿಗೆ ತಡೆದಿಟ್ಟುಕೊಳ್ಳಲು ಆಗುವುದಿಲ್ಲ. ಅದು ಮೂತ್ರದಲ್ಲಿ ಸೋರುತ್ತದೆ. ಸಕ್ಕರೆ ಒಂದೇ ಹೋಗುವುದಿಲ್ಲ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೈ ಒಣಗುತ್ತದೆ, ಬಾಯಾರುತ್ತದೆ. ಆ ಬಾಯಾರಿಕೆಗೆ ಅವರು ಕಬ್ಬಿನ ಹಾಲು ಕುಡಿಯುತ್ತಿದ್ದಾರೆ. ಒಂದು ಗ್ಲಾಸಿನಲ್ಲಿ 30 ಗ್ರಾಂ ಮೇಲೆ ಸಕ್ಕರೆ. ಸಕ್ಕರೆ ಇನ್ನೂ ಏರುತ್ತದೆ, ಇನ್ನೂ ಸೋರುತ್ತದೆ, ಇನ್ನೂ ಬಾಯಾರುತ್ತದೆ. ಗ್ಲೂಕೋಸ್ ಪುಡಿ ಅಂತೂ ನೇರ ಸಕ್ಕರೆಯೇ. ಆರು ಕೆಜಿ ಇಳಿದದ್ದು ಒಳ್ಳೆಯದಲ್ಲ. ಒಳಗೆ ಹೋದ ಸಕ್ಕರೆ ದೇಹಕ್ಕೆ ಸಿಗದೆ ಮಾಂಸ, ಕೊಬ್ಬು ಕರಗುತ್ತಿದೆ, ನೀರು ಹೋಗುತ್ತಿದೆ. ಕಣ್ಣು ಮಸುಕಾದದ್ದೂ ಅದರಿಂದಲೇ.

ಬಿಲ್ಡಿಂಗ್‌ನಲ್ಲಿ ಯಾರ ಮನೆಯಲ್ಲಾದರೂ ಶುಗರ್ ನೋಡುವ ಗ್ಲೂಕೋಮೀಟರ್ ಇರುತ್ತದೆ. ಈಗಲೇ ತನ್ನಿ. ಅವರ ಬೆರಳನ್ನು ಸೋಪು ಹಾಕಿ ತೊಳೆದು, ಒರೆಸಿ, ಆಮೇಲೆ ಚುಚ್ಚಿ. ಕೈಗೆ ಕಬ್ಬಿನ ಹಾಲು ಅಂಟಿದ್ದರೆ ಸುಳ್ಳು ನಂಬರ್ ಬರುತ್ತದೆ. ಹತ್ತು ನಿಮಿಷದಲ್ಲಿ ಇಲ್ಲಿ ಬರೆಯಿರಿ. ಮೀಟರ್ ಸಿಗದಿದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೊರಡಿ.

ಪ್ರಕಾಶ, ವಾಶಿ: ಡಾಕ್ಟರ್, ವಿಸ್ಕಿಯಲ್ಲಿ ಸಕ್ಕರೆ ಇಲ್ಲ ಅಲ್ವಾ? ಶನಿವಾರ ಮಾತ್ರ ಒಂದು ಕ್ವಾರ್ಟರ್, ಸೋಡಾ ಜೊತೆ. ಕ್ಯಾಲರಿ ಸರಿಹೋಗಲಿ ಅಂತ ಆ ರಾತ್ರಿ ಊಟ ಬಿಡುತ್ತೇನೆ. ಶುಗರ್‌ಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ.

ಸರೋಜಕ್ಕ, ಮೀರಾ ರೋಡ್: ಮೆಂತ್ಯ ನೆನೆಸಿದ ನೀರು ಕುಡಿಯಬಹುದಾ ಡಾಕ್ಟ್ರೇ? ಇದು ಫಾರ್ವರ್ಡ್ ಅಲ್ಲ, ನನ್ನದೇ ಪ್ರಶ್ನೆ.

ಡಾಕ್ಟರ್: ಸರೋಜಕ್ಕ, ಕುಡಿಯಬಹುದು. ಮಾತ್ರೆಯ ಬದಲಿಗೆ ಅಲ್ಲ.

ಪ್ರಕಾಶ, ಊಟ ಬಿಡುವುದನ್ನು ಮೊದಲು ಬಿಡಿ. ಒಂದು ಕ್ವಾರ್ಟರ್ ಅಂದರೆ 180 ಎಂಎಲ್, ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ಗ್ರಾಂಗೆ 7 ಕ್ಯಾಲರಿ. ಸಕ್ಕರೆ ಇಲ್ಲದಿದ್ದರೂ 400 ದಾಟಿತು. ಅದು ಸಣ್ಣ ವಿಷಯ. ರಾತ್ರಿ ನಾವು ಮಲಗಿದ್ದಾಗ ಲಿವರ್ ತಾನೇ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತಿರುತ್ತದೆ. ಮದ್ಯ ಬಂದರೆ ಲಿವರ್ ಅದನ್ನು ಕರಗಿಸಲು ಕೂರುತ್ತದೆ, ಈ ಕೆಲಸ ನಿಲ್ಲುತ್ತದೆ. ಇತ್ತ ಗ್ಲಿಮೆಪಿರೈಡ್ ಸಕ್ಕರೆ ಇಳಿಸುತ್ತಲೇ ಇರುತ್ತದೆ. ಹೊಟ್ಟೆಯಲ್ಲಿ ಅನ್ನವೂ ಇಲ್ಲ. ಬೆಳಗಿನ ಜಾವ ಬೆವರು, ನಡುಕ, ತೊದಲು ಮಾತು. ಮನೆಯವರು ಕುಡಿದಿದ್ದಾನೆ ಅಂತ ಹೊದಿಕೆ ಹೊದಿಸಿ ಮಲಗಿಸುತ್ತಾರೆ. ಕೆಲವರು ಮತ್ತೆ ಏಳುವುದಿಲ್ಲ. ರಕ್ತದ ಕೊಬ್ಬು, ಟ್ರೈಗ್ಲಿಸರೈಡ್ ಎಷ್ಟಿದೆ?

ಪ್ರಕಾಶ, ವಾಶಿ: 340.

ಡಾಕ್ಟರ್: 150ರ ಒಳಗಿರಬೇಕು. 500 ದಾಟಿದರೆ ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಊದಿಕೊಳ್ಳುವ ಅಪಾಯ. ಕ್ವಾರ್ಟರ್ ನಿಲ್ಲಿಸಿ. ನಿಮ್ಮ ಡಾಕ್ಟರಿಗೆ ಕುಡಿಯುತ್ತೀರಿ ಎಂದು ಹೇಳಿದ್ದೀರಾ? ಹೇಳಿರುವುದಿಲ್ಲ.

ಗಿರೀಶ, ಮುಲುಂಡ್: ಬಿಯರ್ ಆದರೆ?

ಡಾಕ್ಟರ್: ಅದೇ ಉತ್ತರ.

ಪ್ರಕಾಶ, ವಾಶಿ: ಗೋವಾದ ಫೆಣಿ? ಹಣ್ಣಿನದ್ದಲ್ಲವೇ.

ಡಾಕ್ಟರ್: ಗೋಡಂಬಿ ಹಣ್ಣಿನ ರಸವೂ ಭಟ್ಟಿ ಇಳಿಸಿದ ಮೇಲೆ ಹೆಂಡವೇ. ಅದೇ ಉತ್ತರ.

ಕುಲಕರ್ಣಿ, ಡೊಂಬಿವಲಿ: ಊರಲ್ಲಿ ನಮ್ಮಜ್ಜ ದಿನಾ ಕಬ್ಬಿನ ಹಾಲು ಕುಡಿದು 90 ವರ್ಷ ಬದುಕಿದ. ಯಾವ ಎಚ್‌ಬಿಎ1ಸಿಯೂ ಇರಲಿಲ್ಲ.

ಶೆಟ್ರು, ಘಾಟ್ಕೋಪರ್: ನಿಮ್ಮಜ್ಜ ಕಬ್ಬು ಕಡಿದು ಕುಡಿದ. ನೀವು ಬ್ಯಾಂಕಿನಲ್ಲಿ ಫ್ಯಾನ್ ಕೆಳಗೆ ಕೂತು ಕುಡಿದಿರಿ.

ಕುಲಕರ್ಣಿ, ಡೊಂಬಿವಲಿ: ಫ್ಯಾನ್ ಕೆಳಗೆ ಕೂತು ನಿಮ್ಮಂಥವರ ಸಾಲದ ಫೈಲ್ ನೋಡುತ್ತಿದ್ದೆ ಸ್ವಾಮಿ.

ಶೆಟ್ರು, ಘಾಟ್ಕೋಪರ್: ನನ್ನ ಸಾಲ ತೀರಿ ಹದಿನೈದು ವರ್ಷ ಆಯಿತು. ನಿಮ್ಮ ಕಟಿಂಗ್ ಖಾತೆ ಯಾವ ಅಂಗಡಿಯಲ್ಲಿ ಬಾಕಿ ಇದೆಯೋ ನೋಡಿಕೊಳ್ಳಿ.

ಅಡ್ಮಿನ್: ಇಬ್ಬರೂ ಸಾಕು.

ಮಂಜು, ಅಂಧೇರಿ: ಕಾಲ್ ಸೆಂಟರ್ ನೈಟ್ ಶಿಫ್ಟ್. ಎನರ್ಜಿ ಡ್ರಿಂಕ್ ರಾತ್ರಿ ಎರಡು ಕ್ಯಾನ್. ಬಿಪಿ 150/96 ಬಂತು. ಸಂಬಂಧ ಇದೆಯಾ?

ಶಶಿಕಲಾ, ಡೊಂಬಿವಲಿ (6:52): ಡಾಕ್ಟ್ರೇ, ಮೇಲಿನ ಮನೆಯವರ ಮೀಟರ್ ತಂದೆವು. ಹಾಳಾಗಿದೆ ಅನಿಸುತ್ತದೆ. ನಂಬರೇ ಬರುತ್ತಿಲ್ಲ. ಇಂಗ್ಲಿಷಿನಲ್ಲಿ "ಹಾಯ್" ಅಂತ ಬರುತ್ತದೆ. ಎರಡು ಸಲ ಮಾಡಿದೆವು.

ಡಾಕ್ಟರ್: ಹಾಳಾಗಿಲ್ಲ. ಅದು "ಹೈ". ಹೆಚ್ಚಿನ ಮೀಟರ್‌ಗಳು 600ರ ಮೇಲೆ ಅಳೆಯುವುದಿಲ್ಲ, ಹಾಗೆ ತೋರಿಸುತ್ತವೆ.

ಈಗಲೇ ಹೊರಡಿ. 108ಕ್ಕೆ ಫೋನ್ ಮಾಡಿ. ತಡ ಅಂದರೆ ರಿಕ್ಷಾದಲ್ಲೇ ಹೋಗಿ, ಅವರನ್ನು ಸ್ಕೂಟರ್ ಮೇಲೆ ಕೂರಿಸಬೇಡಿ. ಐಸಿಯು ಇರುವ ಆಸ್ಪತ್ರೆಗೆ ಹೋಗಿ, ಮೂಲೆಯ ಕ್ಲಿನಿಕ್‌ಗೆ ಅಲ್ಲ, ಸೋಮವಾರ ಬೆಳಿಗ್ಗೆಗೂ ಅಲ್ಲ. ಪೂರ್ತಿ ಎಚ್ಚರ ಇದ್ದರೆ ಬರೀ ನೀರು ಗುಟುಕು ಗುಟುಕಾಗಿ ಕೊಡಿ. ತೂಕಡಿಸುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮೇಲಿನ ಮನೆಯವರ ಶುಗರ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಕೊಡಬೇಡಿ. ಇವರಿಗೆ ಮೊದಲು ಬೇಕಾದದ್ದು ಸಲೈನ್. ಲೀಟರ್‌ಗಟ್ಟಲೆ ನೀರು ಹೋಗಿದೆ. ಸೋಡಿಯಂ, ಪೊಟ್ಯಾಶಿಯಂ ನೋಡಿಕೊಂಡು ಇನ್ಸುಲಿನ್ ಕೊಡುತ್ತಾರೆ. ಕ್ಯಾಶುವಲ್ಟಿಯಲ್ಲಿ ಇಷ್ಟು ಹೇಳಿ: ಮೂರು ವಾರದಿಂದ ಬಾಯಾರಿಕೆ, ಆರು ಕೆಜಿ ಇಳಿದಿದೆ, ಮಧ್ಯಾಹ್ನದಿಂದ ಮಂಪರು, ಮೀಟರ್ ಹೈ. ಅವರಿಗೆ ಅರ್ಥವಾಗುತ್ತದೆ.

ಶಶಿಕಲಾ, ಡೊಂಬಿವಲಿ: ಹೊರಟೆವು.

ವೀಣಾ, ಗೋರೆಗಾಂವ್: ದೇವರೇ. ಏನೂ ಆಗದಿರಲಿ.

ಸರೋಜಕ್ಕ, ಮೀರಾ ರೋಡ್: ಶಶಿ, ದಾರಿಯಲ್ಲಿ ಒಂದು ಚಮಚ ದಾಲ್ಚಿನ್ನಿ ಪುಡಿ ಬಿಸಿನೀರಿನಲ್ಲಿ

ಡಾಕ್ಟರ್: ಸರೋಜಕ್ಕ. ಡಿಲೀಟ್ ಮಾಡಿ. ಈಗ.

ಅಡ್ಮಿನ್: ಅಕ್ಕ, ದಯವಿಟ್ಟು.

ಸರೋಜಕ್ಕ, ಮೀರಾ ರೋಡ್: ಮಾಡಿದೆ. ಇಷ್ಟು ಸಿಟ್ಟು ಯಾಕೆ? ನನ್ನ ಗಂಡನಿಗೂ ಶುಗರ್ ಇತ್ತು, ನನಗೂ ಸ್ವಲ್ಪ ಗೊತ್ತಿದೆ.

ಡಾಕ್ಟರ್: ಸಿಟ್ಟು ನಿಮ್ಮ ಮೇಲಲ್ಲ ಅಕ್ಕ. ಎರಡು ವರ್ಷ ಹಾಗಲಕಾಯಿ ಕುಡಿಯುತ್ತಾ ಒಂದು ಟೆಸ್ಟ್ ಮಾಡಿಸದೇ ಇದ್ದಾರಲ್ಲ, ಅದರ ಮೇಲೆ. ಕಹಿ ಕುಡಿದಿದ್ದೇನೆ ಎಂಬ ಸಮಾಧಾನಕ್ಕೆ ಸಿಹಿಯೂ ನಡೆಯುತ್ತದೆ. ವಾರಕ್ಕೆ ಇಬ್ಬರಾದರೂ ಹೀಗೆ ಬರುತ್ತಾರೆ.

ಕುಲಕರ್ಣಿ, ಡೊಂಬಿವಲಿ: ಹಾಗಾದರೆ ಜೇನುತುಪ್ಪ?

ಡಾಕ್ಟರ್: ಮೇಲೆ ಓದಿ.

ಗಿರೀಶ, ಮುಲುಂಡ್: ಆಫೀಸಿನಲ್ಲಿ "ಸಕ್ಕರೆ ಬೆರೆಸಿಲ್ಲ" ಅಂತ ಬರೆದ ಡಬ್ಬಿ ಜ್ಯೂಸ್ ಕೊಡುತ್ತಾರೆ. ಅದು?

ಡಾಕ್ಟರ್: ಬೆರೆಸದಿದ್ದರೂ ಹಣ್ಣಿನದ್ದೇ ಇದೆ. ಒಂದು ಗ್ಲಾಸಿಗೆ ಮೂರು ನಾಲ್ಕು ಮೋಸಂಬಿ. ಕೂತು ನಾಲ್ಕು ಮೋಸಂಬಿ ತಿನ್ನುತ್ತೀರಾ? ನಾರು ಚರಟಕ್ಕೆ ಹೋಯಿತು, ಸಕ್ಕರೆ ನಿಮ್ಮ ಹೊಟ್ಟೆಗೆ ಬಂತು. ಕುಡಿದ ಕ್ಯಾಲರಿಗೆ ಹೊಟ್ಟೆ ತುಂಬುವುದೂ ಇಲ್ಲ, ಊಟ ಅಷ್ಟೇ ಮಾಡುತ್ತೀರಿ. ಹಣ್ಣು ತಿನ್ನಿ. ಹಿಂದೆ ಇರುವ ಸಣ್ಣ ಅಕ್ಷರವನ್ನೂ ಓದಿ. ಹಾಲಿಗೆ ಬೆರೆಸುವ ಪೌಡರ್ ಡಬ್ಬಿಗಳೂ ಅಷ್ಟೇ. ಆಹಾರ ಕಾನೂನಿನಲ್ಲಿ "ಹೆಲ್ತ್ ಡ್ರಿಂಕ್" ಎಂಬ ವಿಭಾಗವೇ ಇಲ್ಲ ಎಂದು 2024ರಲ್ಲಿ ಸರ್ಕಾರ ಆನ್‌ಲೈನ್ ಅಂಗಡಿಗಳಿಂದ ಆ ಹೆಸರನ್ನು ತೆಗೆಸಿತು.

ವೀಣಾ, ಗೋರೆಗಾಂವ್: ಹಾಗಾದರೆ ಬೇಸಿಗೆಗೆ ಏನು ಕುಡಿಯುವುದು ಡಾಕ್ಟರ್? ಎಲ್ಲವೂ ಬೇಡ ಅಂದರೆ?

ಡಾಕ್ಟರ್: ನೀರು. ತೆಳು ಮಜ್ಜಿಗೆಗೆ ಶುಂಠಿ, ಕರಿಬೇವು. ಬಿಪಿ ಇರುವವರು ಉಪ್ಪು ಕಡಿಮೆ ಹಾಕಿ. ತೆಂಗಿನ ಹಾಲು, ಕೋಕಂ (ಪುನರ್ಪುಳಿ) ಸೇರಿಸಿದ ಸೋಲ್ ಕಡಿ ಒಂದು ಬಟ್ಟಲು. ಕೋಕಂ ಒಣಸಿಪ್ಪೆ ನೆನೆಸಿ ಕುಡಿಯಿರಿ, ಬಾಟಲಿಯ ಕೋಕಂ ಸಿರಪ್ ಬೇಡ, ಅದು ಸಕ್ಕರೆ ಪಾಕ. ರಾಗಿ ಅಂಬಲಿ ಒಳ್ಳೆಯದು, ಆದರೆ ಅದು ನೀರಲ್ಲ, ಊಟ. ಅದರ ಲೆಕ್ಕಕ್ಕೆ ಒಂದು ಚಪಾತಿ ಬಿಡಿ. ಎಳನೀರು ಆರೋಗ್ಯವಂತರಿಗೆ ದಿನಕ್ಕೆ ಒಂದು ಸಾಕು. ಕಿಡ್ನಿ ತೊಂದರೆ ಇರುವವರು ಕೇಳದೆ ಕುಡಿಯಬಾರದು. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರೂ ಒಮ್ಮೆ ಕೇಳಿಕೊಳ್ಳಿ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ.

ಶೆಟ್ರು, ಘಾಟ್ಕೋಪರ್: ಫಿಲ್ಟರ್ ಕಾಫಿ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಡಾಕ್ಟ್ರೇ. ಮಾಟುಂಗಾದವರು ಎಲ್ಲರೂ ಓದುತ್ತಿದ್ದಾರೆ.

ಡಾಕ್ಟರ್: ಹೇಳುತ್ತೇನೆ. ಕಾಫಿ ಕುಡಿಯುವವರಲ್ಲಿ ಡಯಾಬಿಟಿಸ್ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕಾಫಿಯಿಂದಲೇ ಹೌದೋ ಎಂದು ಖಚಿತವಾಗಿ ಹೇಳಲಾಗದು. ಕಾಫಿ ಇರಲಿ, ಅದರಲ್ಲಿ ನಿಮ್ಮ ಎರಡು ಚಮಚ ಸಕ್ಕರೆ ಬೇಡ ಅಷ್ಟೇ.

ಕುಲಕರ್ಣಿ, ಡೊಂಬಿವಲಿ: ಅಂದರೆ ಶೆಟ್ರ ಕಾಫಿ ಅಲ್ಲ.

ಶೆಟ್ರು, ಘಾಟ್ಕೋಪರ್: ನಾಳೆಯಿಂದ ನಮ್ಮಲ್ಲಿ ಸಕ್ಕರೆ ಬೇರೆ ಕೊಡುತ್ತೇವೆ ಅಂತ ಬೋರ್ಡ್ ಹಾಕಿಸುತ್ತೇನೆ. ನೀವು ಬಂದು ನೋಡಿ ಕುಲಕರ್ಣಿಯವರೇ, ಎಷ್ಟು ಗಿರಾಕಿ ಉಳಿಯುತ್ತಾರೆ ಅಂತ ಎಣಿಸೋಣ.

ಮಂಜು, ಅಂಧೇರಿ: ಸರ್ ಎನರ್ಜಿ ಡ್ರಿಂಕ್?

ಕುಲಕರ್ಣಿ, ಡೊಂಬಿವಲಿ: ಡಾಕ್ಟರ್ ಸರ್ ಅಲ್ಲಪ್ಪ, ಮೇಡಂ.

ಪ್ರಕಾಶ, ವಾಶಿ: ಊಟ ಮಾಡಿ ಕುಡಿದರೆ 90 ಎಂಎಲ್ ನಡೆಯುತ್ತದಾ?

ಗಿರೀಶ, ಮುಲುಂಡ್: ಆಪಲ್ ಸೈಡರ್ ವಿನಿಗರ್ ಬಗ್ಗೆ ಯಾರೂ ಕೇಳಲಿಲ್ಲ.

ಡಾಕ್ಟರ್: ಹಲ್ಲಿನ ಎನಾಮಲ್ ಹೋಗುತ್ತದೆ. ಪ್ರಕಾಶ, ಉತ್ತರ ಕೊಟ್ಟಾಗಿದೆ. ನಾನು ಡೊಂಬಿವಲಿಯ ಫೋನ್‌ಗೆ ಕಾಯುತ್ತಿದ್ದೇನೆ, ಸ್ವಲ್ಪ ಬಿಡಿ.

ಅಡ್ಮಿನ್ (8:05): ಸಮಯ ಮುಗಿಯಿತು. ಡಾಕ್ಟರಿಗೆ ಧನ್ಯವಾದ. ಉಳಿದ ಪ್ರಶ್ನೆಗಳು ಮುಂದಿನ ತಿಂಗಳಿಗೆ.

ಸರೋಜಕ್ಕ, ಮೀರಾ ರೋಡ್: ಮೆಂತ್ಯ ರಾತ್ರಿ ನೆನೆಸಬೇಕೋ ಬೆಳಿಗ್ಗೆಯೋ ಹೇಳಲಿಲ್ಲ.

ಶಶಿಕಲಾ, ಡೊಂಬಿವಲಿ (10:47): ಡಾಕ್ಟ್ರೇ, ಎಚ್ಚರ ಇದ್ದೀರಾ? ಐಸಿಯುಗೆ ಹಾಕಿದ್ದಾರೆ. ಬಂದಾಗ 742 ಇತ್ತಂತೆ. ಎರಡು ಬಾಟಲಿ ಸಲೈನ್ ಹೋಯಿತು. ಈಗ 510. ಕಣ್ಣು ಬಿಟ್ಟರು, ಅಕ್ಕನನ್ನು ಗುರುತು ಹಿಡಿದರು. ಇನ್ನು ಒಂದು ಗಂಟೆ ತಡವಾಗಿ ಬಂದಿದ್ದರೂ ಕಷ್ಟ ಇತ್ತು ಅಂದರು ಅಲ್ಲಿನ ಡಾಕ್ಟರ್. ಅಕ್ಕ ಅಳುತ್ತಿದ್ದಾಳೆ, ಪ್ಯಾಂಟ್ ಜಾರುತ್ತದೆ ಅಂತ ನಕ್ಕಿದ್ದೆನಲ್ಲ ಅಂತ.

ಡಾಕ್ಟರ್: ಎಚ್ಚರ ಇದ್ದೇನೆ. ಒಳ್ಳೆಯ ಸುದ್ದಿ. ನಿಧಾನವಾಗಿ ಇಳಿಯಲಿ, ಬೇಗ ಇಳಿಸಬಾರದು. ಇನ್ನೂ ಎರಡು ದಿನ ಹುಷಾರು. ಅಕ್ಕನಿಗೆ ಏನಾದರೂ ತಿನ್ನಿಸಿ. ಅವಳಿಗೂ ಒಂದು ಟೆಸ್ಟ್ ಮಾಡಿಸಿ, ಒಂದೇ ಅಡುಗೆಮನೆ ಅಲ್ವಾ.

ಶೆಟ್ರು, ಘಾಟ್ಕೋಪರ್: ಶಶಿ ಅಕ್ಕ, ಯಾವ ಆಸ್ಪತ್ರೆ? ಡೊಂಬಿವಲಿಯಲ್ಲಿ ನನ್ನ ತಂಗಿಯ ಮನೆ ಇದೆ. ಅಲ್ಲಿರುವವರಿಗೆ ಊಟ ಕಳಿಸಲು ಹೇಳುತ್ತೇನೆ.

ಕುಲಕರ್ಣಿ, ಡೊಂಬಿವಲಿ: ಹೆಸರು ಇಲ್ಲಿ ಹಾಕಬೇಡಿ, ನನಗೆ ಫೋನ್ ಮಾಡಿ. ನಾನು ಹತ್ತಿರದಲ್ಲೇ ಇದ್ದೇನೆ, ಈಗಲೇ ಹೊರಡುತ್ತೇನೆ.

ಶಶಿಕಲಾ, ಡೊಂಬಿವಲಿ: ತುಂಬಾ ಉಪಕಾರ ಮಾಮಾ. ಡಾಕ್ಟ್ರೇ, ಒಂದೇ ಒಂದು. ಭಾವ ಎಳನೀರು ಕೇಳುತ್ತಿದ್ದಾರೆ. ಹೊರಗೆ ಸಿಗುತ್ತದೆ. ತರಲೇ?

ಡಾಕ್ಟರ್: ಬೇಡ. ವಾರ್ಡಿನ ಡಾಕ್ಟರನ್ನು ಕೇಳಿ. ಪೊಟ್ಯಾಶಿಯಂ ರಿಪೋರ್ಟ್ ಅವರ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ.